ಎಂಟು ಕೋರ್ ಇದ್ದರೂ ಮೆಷಿನ್ ಯಾಕೆ ತೆವಳುತ್ತದೆ: ಲಿನಕ್ಸ್‌ನಲ್ಲಿ ಕರ್ನಲ್, ಪ್ರೊಸೆಸರ್ ತೊಂದರೆ ಹುಡುಕುವ ಕೈಪಿಡಿ

"ಸಿಪಿಯು 13 ಪರ್ಸೆಂಟ್ ಮಾತ್ರ ತೋರಿಸ್ತಿದೆ, ಆದ್ರೂ ಮೆಷಿನ್ ತೆವಳ್ತಿದೆ" ಅಂತ ಯಾರಾದರೂ ಬಂದರೆ ಮೊದಲು ಕೇಳಬೇಕಾದ್ದು ಇಷ್ಟೇ: ಯಾವ ಸಿಪಿಯು? ಎಂಟು ಲಾಜಿಕಲ್ ಕೋರ್ ಇರುವ ಮೆಷಿನ್‌ನಲ್ಲಿ ಒಂದು ಕೋರ್ ಪೂರ್ತಿ ತುಂಬಿ ಹೋಗಿದ್ದರೂ ಒಟ್ಟು ಸರಾಸರಿ 12.5 ಪರ್ಸೆಂಟ್ ಅಷ್ಟೇ. ಅದೇ 64 ಕೋರಿನ ಸರ್ವರ್ ಆದರೆ 1.6ರ ಹತ್ತಿರ. ಈ ಸರಾಸರಿಯನ್ನು ನಂಬಿ ಮೆಮೊರಿ ಕೊಳ್ಳುವವರು, ಕರ್ನಲ್ (ಹಾರ್ಡ್‌ವೇರ್ ಮತ್ತು ಪ್ರೋಗ್ರಾಮುಗಳ ನಡುವೆ ನಿಂತು ಎಲ್ಲ ನಡೆಸುವ ಲಿನಕ್ಸ್‌ನ ತಿರುಳು) ಬದಲಾಯಿಸುವವರು ತುಂಬಾ ಜನ. ದುಡ್ಡು ಖರ್ಚಾಗುತ್ತದೆ, ತೊಂದರೆ ಅಲ್ಲೇ ಇರುತ್ತದೆ. ಒಂದೊಂದು ಕೋರನ್ನೂ ಬಿಡಿಬಿಡಿಯಾಗಿ ನೋಡಿ, ಅದರ ಹೊತ್ತು ಯಾವ ಬಾಬ್ತಿಗೆ ಹೋಗುತ್ತಿದೆ ಅಂತ ತಿಳಿದ ಮೇಲೆಯೇ ಏನನ್ನಾದರೂ ಮುಟ್ಟಬೇಕು. ಈ ಬರಹ ಪೂರ್ತಿ ಅದೇ ಜಾಡಿನಲ್ಲಿ ಹೋಗುತ್ತದೆ.

ಉಬುಂಟು, ಡೆಬಿಯನ್, ಫೆಡೋರಾ, ರೆಡ್ ಹ್ಯಾಟ್ ಬಳಗ, ಯಾವುದಿದ್ದರೂ ಇಲ್ಲಿ ಹೇಳುವುದು ಬಹುಪಾಲು ಹೊಂದುತ್ತದೆ. ಕಮಾಂಡ್‌ಗಳನ್ನು ಬಾಯಲ್ಲಿ ಹೇಳುವ ಹಾಗೆಯೇ ಬರೆದಿದ್ದೇನೆ. ಟೈಪ್ ಮಾಡುವಾಗ ಒಂದೊಂದು ಹೆಸರನ್ನೂ ಇಂಗ್ಲಿಷ್ ಸಣ್ಣಕ್ಷರದಲ್ಲಿ, ಹೆಸರಿನ ಒಳಗೆ ಜಾಗ ಬಿಡದೆ ಹೊಡೆಯಿರಿ. 'ಮೈನಸ್' ಅಂದರೆ - ಗುರುತು, ಅದರ ಮುಂಚೆ ಒಂದು ಜಾಗ ಬಿಡಿ.

## ಕೈ ಹಾಕುವ ಮುಂಚೆ

ಸುಮ್ನೆ ನೋಡುವುದರಿಂದ ಏನೂ ಕೆಡುವುದಿಲ್ಲ. ಟಾಪ್, ಎಂಪಿಸ್ಟಾಟ್ (ಎರಡೂ ಸಿಪಿಯು ಬಳಕೆ ತೋರಿಸುತ್ತವೆ), ಡಿಮೆಸ್ಗ್ (ಕರ್ನಲ್ ಬರೆದಿಟ್ಟ ಸಂದೇಶ ತೋರಿಸುತ್ತದೆ) ಇವನ್ನು ಎಷ್ಟು ಸಲ ಬೇಕಾದರೂ ಓಡಿಸಿ. ಬದಲಾಯಿಸುವಾಗ ಮಾತ್ರ ಜೋಪಾನ.

ಕರ್ನಲ್ ಮುಟ್ಟುವ ಮುಂಚೆ ಬೇಕಾದ ಫೈಲುಗಳ ಬ್ಯಾಕಪ್ ತೆಗೆದುಕೊಳ್ಳಿ. ಚೆನ್ನಾಗಿ ಓಡುತ್ತಿದ್ದ ಹಳೇ ಕರ್ನಲ್ ಒಂದಾದರೂ ಮೆಷಿನ್‌ನಲ್ಲಿ ಉಳಿದಿರಲಿ. ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋದರೆ ಬೂಟ್ ಫೈಲುಗಳು ಅರ್ಧಕ್ಕೆ ನಿಲ್ಲುತ್ತವೆ. ಪದೇ ಪದೇ ಕರೆಂಟ್ ಹೋಗುವ ಊರಿನಲ್ಲಿ ಯುಪಿಎಸ್ ಮೇಲೆ, ಲ್ಯಾಪ್‌ಟಾಪ್ ಆದರೆ ಬ್ಯಾಟರಿ ಸಾಕಷ್ಟು ಇದ್ದಾಗ ಈ ಕೆಲಸ ಮಾಡಿ. ದೂರದ ಸರ್ವರ್ ಆದರೆ, ಎಸ್‌ಎಸ್‌ಎಚ್ ಬಿಟ್ಟು ಇನ್ನೊಂದು ದಾರಿಯಿಂದ, ಅಂದರೆ ಸರ್ವರ್‌ನ ರಿಮೋಟ್ ಕನ್ಸೋಲ್‌ನಿಂದಲೋ ಕ್ಲೌಡ್‌ನ ಸೀರಿಯಲ್ ಕನ್ಸೋಲ್‌ನಿಂದಲೋ ಒಳಗೆ ಹೋಗಲು ಆಗುತ್ತದೆಯೇ ಅಂತ ಮೊದಲೇ ನೋಡಿಕೊಳ್ಳಿ. ಆಗದಿದ್ದರೆ ರೀಬೂಟ್ ಮಾಡಬೇಡಿ.

ಕೇಸ್ ಬಿಚ್ಚುವ ಪ್ರಸಂಗ ಬಂದರೆ ಪ್ಲಗ್ ಎಳೆದು, ಪವರ್ ಬಟನ್ ಒಮ್ಮೆ ಒತ್ತಿ, ಬರಿ ಲೋಹ ಮುಟ್ಟಿ ಕೈಯ ಸ್ಟ್ಯಾಟಿಕ್ ಇಳಿಸಿಕೊಂಡು ಆಮೇಲೆ ಒಳಗೆ ಕೈ ಹಾಕಿ. ಎಸ್‌ಎಂಪಿಎಸ್ (ಪವರ್ ಸಪ್ಲೈ) ಡಬ್ಬಿಯನ್ನು ಮಾತ್ರ ಎಂದೂ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರ್‌ಗಳು ಜೋರಾಗಿ ಶಾಕ್ ಹೊಡೆಯುವಷ್ಟು ವಿದ್ಯುತ್ ಹಿಡಿದಿಟ್ಟಿರುತ್ತವೆ.

## ಇರುವ ಕೋರ್‌ಗಳು ಲೆಕ್ಕಕ್ಕೆ ಸಿಗುತ್ತಿಲ್ಲ

ಡಬ್ಬಿಯ ಮೇಲೆ ಎಂಟು ಕೋರ್ ಅಂತ ಇದೆ, ಕೋರ್ ಎಣಿಸುವ ಎನ್‌ಪ್ರಾಕ್ ಕಮಾಂಡ್ ಹೊಡೆದರೆ ನಾಲ್ಕು ಅನ್ನುತ್ತದೆ. ಅಥವಾ ಹದಿನಾರು ಬರಬೇಕಾದ ಕಡೆ ಎಂಟು.

ಮೊದಲು ಎಲ್‌ಎಸ್‌ಸಿಪಿಯು ಓಡಿಸಿ. ಸಾಕೆಟ್ ಎಷ್ಟು, ಒಂದು ಸಾಕೆಟ್‌ಗೆ ಕೋರ್ ಎಷ್ಟು, ಒಂದು ಕೋರಿಗೆ ಥ್ರೆಡ್ ಎಷ್ಟು, ಮೂರೂ ಬೇರೆ ಬೇರೆ ಸಾಲಿನಲ್ಲಿ ಬರುತ್ತವೆ. ಹದಿನಾರು ಇರಬೇಕಾದಲ್ಲಿ ಎಂಟು ಕಂಡು, ಥ್ರೆಡ್ ಸಾಲಿನಲ್ಲಿ 1 ಅಂತ ಇದ್ದರೆ ಹೈಪರ್‌ಥ್ರೆಡಿಂಗ್ (ಒಂದು ಕೋರನ್ನು ಎರಡು ಲಾಜಿಕಲ್ ಕೋರ್ ಆಗಿ ತೋರಿಸುವ ಸವಲತ್ತು) ಆಫ್ ಆಗಿದೆ. ಅದು ಕೆಟ್ಟಿದೆ ಅಂತ ಅಂದುಕೊಳ್ಳಬೇಡಿ. 2018, 2019ರಲ್ಲಿ ಎಲ್1ಟಿಎಫ್, ಎಂಡಿಎಸ್ ಅನ್ನುವ ಭದ್ರತಾ ದೋಷಗಳು ಬಯಲಾದ ಮೇಲೆ ಹಲವು ಕಡೆ ಬೇಕಂತಲೇ ಆಫ್ ಮಾಡಿದರು. /ಸಿಸ್/ಡಿವೈಸಸ್/ಸಿಸ್ಟಮ್/ಸಿಪಿಯು/ಎಸ್‌ಎಂಟಿ/ಕಂಟ್ರೋಲ್ ಫೈಲನ್ನು ಕ್ಯಾಟ್ ಮಾಡಿ ನೋಡಿದರೆ ಆನ್ ಇದೆಯೋ ಆಫ್ ಇದೆಯೋ ತಿಳಿಯುತ್ತದೆ. ಬೇರೆಯವರೂ ಹಂಚಿಕೊಂಡು ಬಳಸುವ ಸರ್ವರ್ ಆದರೆ ಆಫ್ ಮಾಡಿದವರನ್ನು ಕೇಳದೆ ಆನ್ ಮಾಡಬೇಡಿ.

ಥ್ರೆಡ್ ಸಾಲು ಸರಿಯಿದ್ದೂ ಕೋರ್ ಕಡಿಮೆಯಿದ್ದರೆ ಎಲ್‌ಎಸ್‌ಸಿಪಿಯು ಹೇಳುವ ಆನ್‌ಲೈನ್ ಪಟ್ಟಿ ನೋಡಿ. ಆಫ್‌ಲೈನ್ ಅಂತ ಇನ್ನೊಂದು ಸಾಲೂ ಕಂಡರೆ ಯಾರೋ ಆ ಕೋರನ್ನು ಕೈಯಾರೆ ಆರಿಸಿದ್ದಾರೆ, ಅಥವಾ ಪವರ್ ಉಳಿಸುವ ಯಾವುದೋ ಸಾಫ್ಟ್‌ವೇರ್ ಆರಿಸಿದೆ. ಆಯಾ ಕೋರಿನ ಫೋಲ್ಡರ್‌ನಲ್ಲಿ ಆನ್‌ಲೈನ್ ಅನ್ನುವ ಫೈಲ್ ಇರುತ್ತದೆ. ಅದಕ್ಕೆ ರೂಟ್ ಆಗಿ 1 ಬರೆದರೆ ಕೋರ್ ಎದ್ದು ಬರುತ್ತದೆ. ಸೊನ್ನೆ ನಂಬರಿನ ಕೋರಿಗೆ ಸಾಮಾನ್ಯವಾಗಿ ಈ ಫೈಲೇ ಇರುವುದಿಲ್ಲ. ಅದನ್ನು ಆರಿಸಲು ಬಿಡುವುದಿಲ್ಲ ಅಷ್ಟೇ, ದೋಷವಲ್ಲ.

ಆನಂತರ /ಪ್ರಾಕ್/ಸಿಎಂಡಿಲೈನ್ ನೋಡಿ. ಬೂಟ್ ಆಗುವಾಗ ಕರ್ನಲ್‌ಗೆ ಕೊಟ್ಟ ಸೂಚನೆಗಳೆಲ್ಲ ಅಲ್ಲಿ ಒಂದೇ ಸಾಲಿನಲ್ಲಿ ಇರುತ್ತವೆ. ಮ್ಯಾಕ್ಸ್‌ಸಿಪಿಯುಸ್, ಎನ್‌ಆರ್‌ ಅಂಡರ್‌ಸ್ಕೋರ್ ಸಿಪಿಯುಸ್, ನೋಎಸ್‌ಎಂಪಿ ಇವುಗಳಲ್ಲಿ ಯಾವುದಾದರೂ ಕಂಡರೆ ಕೋರ್ ಕಡಿಮೆಯಾದ ಕಾರಣ ಸಿಕ್ಕಿತು. ಐಸೋಲ್‌ಸಿಪಿಯುಸ್ ಇದ್ದರೆ ಕಥೆ ಬೇರೆ. ಕೋರ್ ಲೆಕ್ಕದಲ್ಲಿ ಕಾಣುತ್ತದೆ, ಆದರೆ ಯಾರಾದರೂ ಹೆಸರು ಹಿಡಿದು ಕಳಿಸದ ಹೊರತು ಶೆಡ್ಯೂಲರ್ (ಕೋರ್‌ಗಳಿಗೆ ಕೆಲಸ ಹಂಚುವ ಕರ್ನಲ್ ಭಾಗ) ಅಲ್ಲಿಗೆ ಕೆಲಸ ಕಳಿಸುವುದಿಲ್ಲ. ಎಂದೋ ಪ್ರಯೋಗಕ್ಕೆ ಹಾಕಿದ ಈ ಸೂಚನೆಗಳು ಗ್ರಬ್ (ಕರ್ನಲ್ಲನ್ನು ಬೂಟ್ ಮಾಡಿಸುವ ಪ್ರೋಗ್ರಾಂ) ಫೈಲಿನಲ್ಲಿ ವರ್ಷಗಟ್ಟಲೆ ಉಳಿದುಬಿಡುತ್ತವೆ. ಇಷ್ಟರಲ್ಲೂ ಸಿಗದಿದ್ದರೆ ಬಯೋಸ್‌ಗೆ ಹೋಗಿ 'ಆಕ್ಟಿವ್ ಕೋರ್ಸ್' ತರಹದ ಆಯ್ಕೆ ಇದೆಯೇ ಹುಡುಕಿ.

2000ರ ದಶಕದ ಮೊದಲ ಭಾಗದಲ್ಲಿ ಈ ತೊಂದರೆಗೆ ಇನ್ನೊಂದು ಕಾರಣವೂ ಇತ್ತು. ಆಗ ರೆಡ್ ಹ್ಯಾಟ್, ಡೆಬಿಯನ್ ಎರಡರಲ್ಲೂ ಒಂಟಿ ಪ್ರೊಸೆಸರ್‌ಗೆ ಒಂದು ಕರ್ನಲ್, ಹಲವು ಪ್ರೊಸೆಸರ್‌ಗೆ ಎಸ್‌ಎಂಪಿ ಅನ್ನುವ ಬಾಲ ಹೊತ್ತ ಇನ್ನೊಂದು. ತಪ್ಪು ಪ್ಯಾಕೇಜ್ ಹಾಕಿದರೆ ಒಂದೇ ಪ್ರೊಸೆಸರ್ ಓಡುತ್ತಿತ್ತು. ಈಗ ಯುನೇಮ್ ಮೈನಸ್ ವಿ ಹೊಡೆದರೆ ಎಲ್ಲ ಕಡೆ ಎಸ್‌ಎಂಪಿ ಅಂತಲೇ ಬರುತ್ತದೆ. ಕೈಯಾರೆ ಕಂಪೈಲ್ ಮಾಡಿದ ಕರ್ನಲ್ ಆದರೆ ಮಾತ್ರ ಅದನ್ನು ಒಮ್ಮೆ ನೋಡಿಕೊಳ್ಳಿ.

ವಿಂಡೋಸ್‌ನವರಿಗೆ ಒಂದು ಮಾತು: ಎಂಎಸ್‌ಕಾನ್ಫಿಗ್‌ನ ಬೂಟ್ ಟ್ಯಾಬಿನಲ್ಲಿ 'ನಂಬರ್ ಆಫ್ ಪ್ರೊಸೆಸರ್ಸ್' ಅಂತ ಟಿಕ್ ಮಾಡಿದರೆ ಮೆಷಿನ್ ವೇಗವಾಗುತ್ತದೆ ಅಂತ ಹೇಳುವ ವಿಡಿಯೋಗಳಿವೆ. ಅದು ವೇಗ ಕೊಡುವುದಿಲ್ಲ. ಬಳಸುವ ಕೋರ್‌ಗಳಿಗೆ ಮಿತಿ ಹಾಕುತ್ತದೆ ಅಷ್ಟೇ. ಟಿಕ್ ತೆಗೆದುಬಿಡಿ.

## ಒಂದು ಕೋರ್ ಬೆವರುತ್ತಿದೆ, ಉಳಿದವು ಖಾಲಿ

ನಾನು ಕಂಡ ಮಟ್ಟಿಗೆ ಜಾಸ್ತಿ ಬರುವ ದೂರು ಇದು. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಟಾಪ್ ತೆರೆದು ಕೀಬೋರ್ಡಿನ 1 ಒತ್ತಿ. ಮೇಲಿದ್ದ ಒಂದೇ ಸಿಪಿಯು ಸಾಲು ಒಡೆದು ಕೋರಿಗೊಂದು ಸಾಲಾಗುತ್ತದೆ. ಈಗ ಅಕ್ಷರಗಳನ್ನು ಓದಿ. 'ಯುಎಸ್' ಅಂದರೆ ನಿಮ್ಮ ಪ್ರೋಗ್ರಾಮುಗಳ ಕೆಲಸ. 'ಎಸ್‌ವೈ' ಅಂದರೆ ಅವುಗಳ ಪರವಾಗಿ ಕರ್ನಲ್ ಮಾಡಿದ ಕೆಲಸ. 'ಎಚ್‌ಐ', 'ಎಸ್‌ಐ' ಎರಡೂ ಇಂಟರಪ್ಟ್‌ಗಳಿಗೆ, ಅಂದರೆ ಸಾಧನಗಳು ಪ್ರೊಸೆಸರನ್ನು ಕೂಗಿ ಕರೆದಾಗ ಮಾಡಬೇಕಾದ ಕೆಲಸಕ್ಕೆ, ಹೋದ ಹೊತ್ತು. 'ಡಬ್ಲ್ಯುಎ' ಅಂದರೆ ಡಿಸ್ಕ್‌ಗೋ ಬೇರೆ ಸಾಧನಕ್ಕೋ ಕಾಯುತ್ತಾ ಕೋರ್ ಖಾಲಿ ಕೂತ ಹೊತ್ತು. 'ಎಸ್‌ಟಿ' ವರ್ಚುಯಲ್ ಮೆಷಿನ್‌ಗಳಲ್ಲಿ ಮಾತ್ರ ಅರ್ಥವಾಗುವಂಥದ್ದು, ಮುಂದೆ ಹೇಳುತ್ತೇನೆ.

ತುಂಬಿದ ಕೋರಿನಲ್ಲಿ ಯುಎಸ್ ಜಾಸ್ತಿ ಇದ್ದರೆ ಅದು ಪ್ರೋಗ್ರಾಮಿನ ಸ್ವಭಾವ. ದೊಡ್ಡಕ್ಷರದ ಎಚ್ ಒತ್ತಿ ಥ್ರೆಡ್‌ಗಳನ್ನು (ಪ್ರೋಗ್ರಾಮಿನ ಒಳಗೆ ಬೇರೆಯಾಗಿ ಓಡುವ ಕೆಲಸದ ಎಳೆಗಳನ್ನು) ಬಿಡಿಸಿ ನೋಡಿ. ಒಂದೇ ಥ್ರೆಡ್ 100ರ ಹತ್ತಿರ ನಿಂತಿದ್ದರೆ ಆ ಕೆಲಸವನ್ನು ಹಂಚಿಕೊಳ್ಳುವ ಹಾಗೆ ಪ್ರೋಗ್ರಾಂ ಬರೆದಿಲ್ಲ. ಕರ್ನಲ್ ಒಂದು ಥ್ರೆಡ್ಡನ್ನು ಎರಡು ಕೋರಿಗೆ ಸೀಳಲಾರದು. ಪೈಥಾನ್‌ನಲ್ಲಿ ಇದು ದಿನನಿತ್ಯದ ಅನುಭವ. ಅದರ ಮಾಮೂಲಿ ಆವೃತ್ತಿಯಲ್ಲಿ ಜಿಐಎಲ್ ಅನ್ನುವ ಒಂದು ಬೀಗ ಇದೆ. ಎಷ್ಟೇ ಥ್ರೆಡ್ ಹುಟ್ಟಿಸಿದರೂ ಒಂದು ಹೊತ್ತಿಗೆ ಒಂದೇ ಥ್ರೆಡ್ ಪೈಥಾನ್ ಕೋಡ್ ಓಡಿಸುತ್ತದೆ. ಥ್ರೆಡ್ ಬದಲು ಹಲವು ಪ್ರಾಸೆಸ್ ಮಾಡಿಕೊಂಡರೆ ಕೋರ್‌ಗಳೆಲ್ಲ ಬಳಕೆಗೆ ಬರುತ್ತವೆ.

ಹೊಸ ಸರ್ವರ್ ಕೊಳ್ಳಬೇಕು ಅನ್ನುವವರು ಜೀನ್ ಆಮ್ಡಾಲ್ 1967ರಲ್ಲಿ ಮಂಡಿಸಿದ ವಾದವನ್ನು ನೆನಪಿಡಬೇಕು. ಕೆಲಸದ ಹತ್ತನೇ ಒಂದು ಪಾಲು ಒಂದೇ ಕೋರಿನಲ್ಲಿ ನಡೆಯಲೇಬೇಕಾದ್ದು ಅಂತಾದರೆ, ಸಾವಿರ ಕೋರ್ ಹಾಕಿದರೂ ವೇಗ ಹತ್ತು ಪಟ್ಟು ದಾಟುವುದಿಲ್ಲ. ಅಂಥ ಕೆಲಸಕ್ಕೆ ಕೋರ್ ಕಡಿಮೆಯಿದ್ದು ಗಡಿಯಾರದ ವೇಗ ಜಾಸ್ತಿ ಇರುವ ಪ್ರೊಸೆಸರೇ ಮೇಲು.

ಪ್ರೋಗ್ರಾಮಿಗೆ ಹಂಚಿಕೊಳ್ಳಲು ಗೊತ್ತಿದ್ದೂ ಒಂದೇ ಕೋರಿಗೆ ಅಂಟಿಕೊಂಡಿದ್ದರೆ ಕಟ್ಟಿಹಾಕಿದವರು ಯಾರು ನೋಡಿ. ಟಾಸ್ಕ್‌ಸೆಟ್ ಮೈನಸ್ ಸಿಪಿ ಅಂತ ಹೊಡೆದು ಪ್ರಾಸೆಸ್ ನಂಬರ್ ಕೊಟ್ಟರೆ ಅದಕ್ಕೆ ಯಾವ ಕೋರ್‌ಗಳ ಅನುಮತಿ ಇದೆ ಅಂತ ಬರುತ್ತದೆ. ಎಂಟು ಕೋರಿನ ಮೆಷಿನ್‌ನಲ್ಲಿ 0-7 ಬಂದರೆ ಮುಕ್ತವಾಗಿದೆ. ಬರೀ 0 ಅಂತ ಬಂದರೆ ಸರ್ವಿಸ್ ಫೈಲಿನಲ್ಲಿ ಸಿಪಿಯುಅಫಿನಿಟಿ ಸಾಲು ಇದೆಯೇ, ಶುರು ಮಾಡಿದ ಸ್ಕ್ರಿಪ್ಟಿನಲ್ಲಿ ಟಾಸ್ಕ್‌ಸೆಟ್ ಇದೆಯೇ ಹುಡುಕಿ. ಈ ಕಟ್ಟು ತಂದೆಯಿಂದ ಮಗುವಿಗೆ ಇಳಿಯುತ್ತದೆ. ಒಂದು ಶೆಲ್ಲನ್ನು ಕಟ್ಟಿಹಾಕಿದ್ದರೆ ಅದರಿಂದ ಹುಟ್ಟಿದ ಎಲ್ಲವೂ ಅದೇ ಕೋರಿನಲ್ಲಿ ಒದ್ದಾಡುತ್ತವೆ.

ತುಂಬಿದ ಕೋರಿನಲ್ಲಿ ಎಸ್‌ಐ ಜಾಸ್ತಿ ಇದ್ದರೆ ನೆಟ್‌ವರ್ಕ್ ಕಡೆ ತಿರುಗಿ. ಕೆಸಾಫ್ಟ್‌ಐಆರ್‌ಕ್ಯುಡಿ/3 ತರಹದ ಹೆಸರು ಪಟ್ಟಿಯ ಮೇಲೆ ಬಂದಿರುತ್ತದೆ. ಕೊನೆಯ ಅಂಕಿ ಕೋರಿನ ನಂಬರ್. ವಾಚ್ ಕಮಾಂಡಿಗೆ ಮೈನಸ್ ಡಿ ಹಾಕಿ /ಪ್ರಾಕ್/ಇಂಟರಪ್ಟ್ಸ್ ಫೈಲನ್ನು ನೋಡುತ್ತಾ ಕೂತುಕೊಳ್ಳಿ. ಸಾಲಿಗೊಂದು ಸಾಧನ, ಕಂಬಕ್ಕೊಂದು ಕೋರ್. ಎರಡು ಸೆಕೆಂಡಿಗೊಮ್ಮೆ ಬದಲಾದ ಅಂಕಿಗಳು ಬಣ್ಣ ತಿರುಗಿ ಕಾಣುತ್ತವೆ. ನೆಟ್‌ವರ್ಕ್ ಕಾರ್ಡಿನ ಸಾಲಿನಲ್ಲಿ ನಾಲ್ಕನೇ ಕಂಬ ಮಾತ್ರ ಸರಸರ ಏರುತ್ತಿದ್ದು, ಬೇರೆ ಕಂಬಗಳಲ್ಲಿ ಸೊನ್ನೆಯೇ ನಿಂತಿದ್ದರೆ ಬರುವ ಪ್ಯಾಕೆಟ್ಟುಗಳನ್ನೆಲ್ಲ ಮೂರನೇ ನಂಬರಿನ ಕೋರ್ ಒಂದೇ ಹೊರುತ್ತಿದೆ. ಎಣಿಕೆ ಸೊನ್ನೆಯಿಂದ ಶುರು, ಅದಕ್ಕೆ ನಾಲ್ಕನೇ ಕಂಬ ಮೂರನೇ ನಂಬರ್.

ಪರಿಹಾರದಲ್ಲಿ ಸುಲಭವಾದ್ದು ಇಂಟರಪ್ಟ್‌ಗಳನ್ನು ಕೋರ್‌ಗಳಿಗೆ ಹಂಚುವ ಐಆರ್‌ಕ್ಯುಬ್ಯಾಲೆನ್ಸ್ ಸರ್ವಿಸ್ ಓಡುತ್ತಿದೆಯೇ ನೋಡುವುದು. ಓಡುತ್ತಿದ್ದರೂ ಹೀಗೇ ಇದ್ದರೆ ಈಥ್‌ಟೂಲ್ ಮೈನಸ್ ಎಲ್, ಮುಂದೆ ಕಾರ್ಡಿನ ಹೆಸರು. ಕಾರ್ಡಿಗೆ ಎಷ್ಟು ಕ್ಯೂ ಮಾಡುವ ಶಕ್ತಿ ಇದೆ, ಈಗ ಎಷ್ಟು ಬಳಕೆಯಲ್ಲಿವೆ ಎರಡನ್ನೂ ಅದು ಹೇಳುತ್ತದೆ. ಕ್ಯೂ ಜಾಸ್ತಿ ಮಾಡುವಾಗ ಕೆಲವು ಕಾರ್ಡುಗಳು ಕ್ಷಣಕಾಲ ಲಿಂಕ್ ಕಳೆದುಕೊಳ್ಳುತ್ತವೆ. ಜನ ಬಳಸುವ ಹೊತ್ತಿನಲ್ಲಿ ಬೇಡ. ಕಾರ್ಡಿಗೆ ಒಂದೇ ಕ್ಯೂ ಇದ್ದರೆ ಆರ್‌ಪಿಎಸ್ ಇದೆ. 2010ರಲ್ಲಿ ಬಂದ 2.6.35 ಕರ್ನಲ್‌ನಿಂದಲೂ ಇರುವ ಸವಲತ್ತು, ಪ್ಯಾಕೆಟ್ ಕೆಲಸವನ್ನು ಸಾಫ್ಟ್‌ವೇರಿನಲ್ಲೇ ಬೇರೆ ಕೋರ್‌ಗಳಿಗೆ ಹಂಚುತ್ತದೆ.

## ಲೋಡ್ ಆವರೇಜ್ 20 ದಾಟಿದೆ, ಕೋರ್‌ಗಳು ಮಾತ್ರ ಖಾಲಿ

ಲೋಡ್ ಆವರೇಜನ್ನು ಸಿಪಿಯು ಬಳಕೆ ಅಂತ ಓದಿದರೆ ಇಲ್ಲಿ ದಾರಿ ತಪ್ಪುತ್ತದೆ. ಲಿನಕ್ಸ್‌ನಲ್ಲಿ ಅದು ಓಡುತ್ತಿರುವ ಕೆಲಸ, ಓಡಲು ಸರದಿ ಕಾಯುತ್ತಿರುವ ಕೆಲಸ, ಜೊತೆಗೆ ಡಿಸ್ಕ್ ಮುಂತಾದವಕ್ಕೆ ಕಾಯುತ್ತಾ ಎಬ್ಬಿಸಲಾಗದ ನಿದ್ದೆಯಲ್ಲಿರುವ ಕೆಲಸ, ಎಲ್ಲದರ ಲೆಕ್ಕ. ರೇಷನ್ ಅಂಗಡಿಯಲ್ಲಿ ಸಾಲಿನಲ್ಲಿ ನಿಂತವರ ಜೊತೆ ಚೀಲ ತರಲು ಮನೆಗೆ ಹೋದವರನ್ನೂ ಎಣಿಸಿದ ಹಾಗೆ.

ಪಿಎಸ್ ಕಮಾಂಡಿನಲ್ಲಿ ಪ್ರಾಸೆಸ್‌ಗಳ ಸ್ಥಿತಿ ನೋಡಿ. 'ಡಿ' ಅಂತ ಇರುವವು ಹತ್ತಾರು ಇದ್ದರೆ ಪ್ರೊಸೆಸರ್ ಬಿಟ್ಟು ಡಿಸ್ಕ್ ಅಥವಾ ನೆಟ್‌ವರ್ಕ್ ಸ್ಟೋರೇಜ್ ಕಡೆ ಹೋಗಿ. ಎನ್‌ಎಫ್‌ಎಸ್ (ನೆಟ್‌ವರ್ಕ್ ಮೇಲೆ ಫೋಲ್ಡರ್ ಹಂಚುವ) ಸರ್ವರ್ ಬಿದ್ದು ಹೋದಾಗ ಇದು ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ. ಆ ಫೋಲ್ಡರ್ ಮುಟ್ಟಿದ ಪ್ರತಿ ಪ್ರಾಸೆಸ್ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಲೋಡ್ ಒಂದೊಂದಾಗಿ ಏರುತ್ತಾ ಹೋಗುತ್ತದೆ, ಕೋರ್‌ಗಳು ಮಾತ್ರ ತಣ್ಣಗೆ ಕೂತಿರುತ್ತವೆ. ಡಿ ಸ್ಥಿತಿಯಲ್ಲಿ ಇರುವುದನ್ನು ಕಿಲ್ ಮೈನಸ್ 9 ಕೂಡ ಸಾಮಾನ್ಯವಾಗಿ ಕೊಲ್ಲುವುದಿಲ್ಲ. ಸ್ಟೋರೇಜ್ ವಾಪಸ್ ಬಂದರೆ ತಾನಾಗಿ ಬಿಡುತ್ತದೆ. ಡಿಮೆಸ್ಗ್‌ನಲ್ಲಿ 'ಬ್ಲಾಕ್ಡ್ ಫಾರ್ ಮೋರ್ ದ್ಯಾನ್ 120 ಸೆಕೆಂಡ್ಸ್' ಅನ್ನುವ ಸಾಲು ಬಂದಿದ್ದರೆ ಕರ್ನಲ್ಲೇ ಇದನ್ನು ಗಮನಿಸಿದೆ ಅಂತ ಅರ್ಥ.

ಲೋಕಲ್ ಡಿಸ್ಕ್ ಆಗಿದ್ದು, ಅದೇ ಹೊತ್ತಿಗೆ ಡಿಮೆಸ್ಗ್‌ನಲ್ಲಿ ಐ/ಓ ಎರರ್‌ಗಳೂ ಇದ್ದರೆ ಅಲ್ಲಿಗೇ ನಿಲ್ಲಿಸಿ. ರೀಬೂಟ್ ಬೇಡ, ಡಿಸ್ಕ್ ಚೆಕ್ಕೂ ಬೇಡ. ಮೊದಲು ಡೇಟಾ ಬೇರೆ ಕಡೆ ತೆಗೆದುಕೊಳ್ಳಿ.

ನಿಜವಾಗಿ ಕೋರಿನ ಕೊರತೆ ಇದೆಯೇ ಅಂತ ತಿಳಿಯಲು ಲೋಡ್‌ಗಿಂತ ಒಳ್ಳೆಯ ಅಳತೆ ಇದೆ. ಕರ್ನಲ್ 4.20ರಿಂದ /ಪ್ರಾಕ್/ಪ್ರೆಷರ್/ಸಿಪಿಯು ಅನ್ನುವ ಫೈಲ್ ಬಂದಿದೆ. ಅದರಲ್ಲಿ 'ಸಮ್' ಸಾಲಿನ ಆವ್‌ಜಿ10 ಅಂದರೆ ಕಳೆದ ಹತ್ತು ಸೆಕೆಂಡಿನಲ್ಲಿ ಶೇಕಡಾ ಎಷ್ಟು ಹೊತ್ತು ಯಾವುದಾದರೂ ಒಂದು ಕೆಲಸವಾದರೂ ಕೋರ್ ಸಿಗದೆ ಕಾದಿತ್ತು ಅನ್ನುವುದು. ಪಕ್ಕದಲ್ಲೇ ಐಓ, ಮೆಮೊರಿಗೂ ಇಂಥದ್ದೇ ಫೈಲ್‌ಗಳಿವೆ. ಮೂರನ್ನೂ ಒಟ್ಟಿಗೆ ನೋಡಿದರೆ ಎಲ್ಲಿ ಸಿಕ್ಕಿಕೊಂಡಿದೆ ಅಂತ ಬೇಗ ತಿಳಿಯುತ್ತದೆ. ಕೆಲವು ಡಿಸ್ಟ್ರೋಗಳಲ್ಲಿ ಇದು ಆಫ್ ಇರುತ್ತದೆ, ಪಿಎಸ್‌ಐ=1 ಅಂತ ಬೂಟ್ ಸೂಚನೆ ಕೊಟ್ಟರೆ ಬರುತ್ತದೆ.

## ಕೆವರ್ಕರ್ ಅನ್ನುವುದು ಕೋರನ್ನೇ ತಿನ್ನುತ್ತಿದೆ

ಕೆವರ್ಕರ್ ಕರ್ನಲ್‌ನ ಆಳು. ಬೇರೆ ಯಾರೋ ಕೊಟ್ಟ ಕೆಲಸ ಮಾಡುತ್ತದೆ. ಅದನ್ನು ಕೊಲ್ಲಲು ಆಗುವುದಿಲ್ಲ, ಕೊಲ್ಲಬೇಕಾಗಿಯೂ ಇಲ್ಲ. ಕೆಲಸ ಕೊಟ್ಟವರು ಯಾರು ಅನ್ನುವುದೇ ಪ್ರಶ್ನೆ. ಹೊಸ ಕರ್ನಲ್‌ಗಳಲ್ಲಿ ಟಾಪ್, ಪಿಎಸ್ ಎರಡೂ ಹೆಸರಿನ ಮುಂದೆ ಕೆಲಸದ ಮೂಲವನ್ನೂ ತೋರಿಸುತ್ತವೆ. ಕೆವರ್ಕರ್/3:1 ಅಂದರೆ ಮೂರನೇ ನಂಬರಿನ ಕೋರಿಗೆ ಕಟ್ಟಿದ್ದು, ಕೆವರ್ಕರ್/ಯು ಅಂದರೆ ಯಾವ ಕೋರಿಗೂ ಕಟ್ಟದ್ದು.

ಲ್ಯಾಪ್‌ಟಾಪ್‌ಗಳಲ್ಲಿ ಬಾಲದಲ್ಲಿ ಕೆಎಸಿಪಿಐಡಿ ಅಂತ ಕಂಡರೆ ಎಸಿಪಿಐ (ಪವರ್, ಬ್ಯಾಟರಿ ಮುಂತಾದವುಗಳ ಬಗ್ಗೆ ಫರ್ಮ್‌ವೇರ್ ಮತ್ತು ಕರ್ನಲ್ ಮಾತಾಡುವ ವ್ಯವಸ್ಥೆ) ಇಂಟರಪ್ಟ್‌ಗಳ ಮಳೆ ಸುರಿಯುತ್ತಿದೆ. ಮದರ್‌ಬೋರ್ಡ್ ಫರ್ಮ್‌ವೇರ್ ಯಾವುದೋ ಸಂಗತಿಯನ್ನು ಬಿಡದೆ ಕೂಗಿ ಹೇಳುತ್ತಿದೆ. /ಸಿಸ್/ಫರ್ಮ್‌ವೇರ್/ಎಸಿಪಿಐ/ಇಂಟರಪ್ಟ್ಸ್ ಒಳಗೆ ಜಿಪಿಇ ಅಂತ ಶುರುವಾಗುವ ಫೈಲ್‌ಗಳಿವೆ. ಪ್ರತಿಯೊಂದರಲ್ಲೂ ಒಂದು ಎಣಿಕೆ. ಬೇರೆಯವು ಸೊನ್ನೆಯಲ್ಲೋ ನೂರಿನಲ್ಲೋ ಇರುವಾಗ ಒಂದು ಮಾತ್ರ ಲಕ್ಷಗಟ್ಟಲೆ ಏರಿದ್ದರೆ ಅಪರಾಧಿ ಅದೇ. ಆ ಫೈಲಿಗೆ ರೂಟ್ ಆಗಿ ಡಿಸೇಬಲ್ ಅಂತ ಬರೆದರೆ ಕೋರ್ ತಕ್ಷಣ ಇಳಿಯುತ್ತದೆ. ಆದರೆ ಮುಚ್ಚಳ, ಬ್ಯಾಟರಿ, ಕೆಲವು ಫಂಕ್ಷನ್ ಕೀಗಳ ಸುದ್ದಿಯೂ ಅದೇ ದಾರಿಯಲ್ಲಿ ಬರುತ್ತಿರಬಹುದು. ಡಿಸೇಬಲ್ ಮಾಡಿದ ಮೇಲೆ ಬ್ಯಾಟರಿ ಪರ್ಸೆಂಟ್ ಬದಲಾಗುತ್ತಿದೆಯೇ, ಫ್ಯಾನ್ ಸರಿಯಾಗಿ ತಿರುಗುತ್ತಿದೆಯೇ ನೋಡಿ. ರೀಬೂಟ್ ಆದರೆ ಈ ಬದಲಾವಣೆ ಅಳಿಸಿ ಹೋಗುತ್ತದೆ. ಶಾಶ್ವತ ಪರಿಹಾರ ಬಯೋಸ್ ಅಪ್‌ಡೇಟ್‌ನಲ್ಲಿ ಸಿಗುವ ಸಾಧ್ಯತೆ ಜಾಸ್ತಿ.

ಬೇರೆ ಸಂದರ್ಭದಲ್ಲಿ, ಅಥವಾ ಎಸ್‌ವೈ ಯಾಕೆ ಏರಿದೆ ಗೊತ್ತಾಗದಿದ್ದಾಗ, ಪರ್ಫ್ ಟಾಪ್ ಓಡಿಸಿ. ಕರ್ನಲ್‌ನ ಯಾವ ಫಂಕ್ಷನ್ ಹೊತ್ತು ತಿನ್ನುತ್ತಿದೆ ಅಂತ ಅದು ಹೆಸರು ಸಮೇತ ಹೇಳುತ್ತದೆ. ಸ್ಪಿನ್ ಲಾಕ್ ಸ್ಲೋಪಾತ್ ಅನ್ನುವ ಹೆಸರು ಮೇಲಿದ್ದರೆ ಕೋರ್‌ಗಳು ಒಂದೇ ಬೀಗಕ್ಕೆ ಕಿತ್ತಾಡುತ್ತಿವೆ. 1996ರಲ್ಲಿ ಲಿನಕ್ಸ್ 2.0 ಮೊದಲ ಸಲ ಹಲವು ಪ್ರೊಸೆಸರ್ ಓಡಿಸಿದಾಗ ಇಡೀ ಕರ್ನಲ್‌ಗೆ ಒಂದೇ ದೊಡ್ಡ ಬೀಗ ಇತ್ತು. ಅದನ್ನು ಚೂರು ಚೂರಾಗಿ ಒಡೆದು 2011ರ 2.6.39ರಲ್ಲಿ ಪೂರ್ತಿ ತೆಗೆದರು. ಹದಿನೈದು ವರ್ಷದ ಈ ತಾಳ್ಮೆಯ ಕೆಲಸದ ಬಗ್ಗೆ ನನಗೆ ತುಂಬಾ ಗೌರವ ಇದೆ. ಇಂದು ದೊಡ್ಡ ಸರ್ವರ್‌ಗಳು ಲಿನಕ್ಸ್ ಮೇಲೆ ಸಲೀಸಾಗಿ ನಡೆಯುವುದರ ಹಿಂದೆ ಅದೂ ಇದೆ. ಆದರೂ ಸಣ್ಣ ಬೀಗಗಳು ಇದ್ದೇ ಇವೆ. ಒಂದೇ ಫೈಲು, ಒಂದೇ ಫೋಲ್ಡರ್ ಮೇಲೆ ನೂರಾರು ಥ್ರೆಡ್ ಬಿದ್ದರೆ ಜಗಳ ಮತ್ತೆ ಕಾಣುತ್ತದೆ. ಥ್ರೆಡ್ ಸಂಖ್ಯೆ ಕಡಿಮೆ ಮಾಡಿ ನೋಡಿ. ಎಷ್ಟೋ ಸಲ ಒಟ್ಟು ಕೆಲಸ ಬೇಗ ಮುಗಿಯುತ್ತದೆ.

ಒಂದು ಎಚ್ಚರಿಕೆ. ಕ್ರಿಪ್ಟೋ ನಾಣ್ಯ ಗಣಿ ಮಾಡುವ ಕಳ್ಳ ಪ್ರೋಗ್ರಾಮುಗಳು ಕರ್ನಲ್ ಥ್ರೆಡ್‌ನ ವೇಷ ಹಾಕುತ್ತವೆ. ಕೆಡೆವ್‌ಟಿಎಂಪಿಎಫ್‌ಎಸ್ ಅನ್ನುವುದು ನಿಜವಾದ ಕರ್ನಲ್ ಥ್ರೆಡ್. ಅದರ ಕೊನೆಗೆ 'ಐ' ಸೇರಿಸಿಕೊಂಡದ್ದು ಹೆಸರುವಾಸಿ ಮಾಲ್‌ವೇರ್. ಗುರುತು ಹಿಡಿಯುವುದು ಸುಲಭ: ನಿಜವಾದ ಕರ್ನಲ್ ಥ್ರೆಡ್‌ಗಳ ತಂದೆ ಕೆಥ್ರೆಡ್‌ಡಿ, ಅದರ ನಂಬರ್ 2. ಪಿಎಸ್ ಮೈನಸ್ ಇಎಫ್ ಹೊಡೆದು ಮೂರನೇ ಕಂಬ ನೋಡಿ. ಅಲ್ಲಿ 2 ಇಲ್ಲದಿದ್ದರೆ ಅನುಮಾನ ಪಡಿ. /ಪ್ರಾಕ್ ಒಳಗೆ ಆ ನಂಬರಿನ ಫೋಲ್ಡರ್‌ನ ಎಕ್ಸ್‌ಇ ಕೊಂಡಿ ಯಾವುದಾದರೂ ಫೈಲಿಗೆ, ಅದರಲ್ಲೂ /ಟಿಎಂಪಿ ಒಳಗಿನದಕ್ಕೆ, ತೋರಿಸುತ್ತಿದ್ದರೆ ಅದು ಕರ್ನಲ್ ಥ್ರೆಡ್ ಅಲ್ಲವೇ ಅಲ್ಲ. ಇಲ್ಲಿ ನಿಮ್ಮ ರಿಪೇರಿ ನಿಲ್ಲಿಸಿ. ಕೊಂದರೆ ಕ್ರಾನ್‌ನಿಂದ (ಹೊತ್ತು ಹೊತ್ತಿಗೆ ಕಮಾಂಡ್ ಓಡಿಸುವ ಸರ್ವಿಸ್) ಮತ್ತೆ ಹುಟ್ಟುತ್ತದೆ, ಮೇಲಾಗಿ ಒಳಗೆ ಬಂದ ದಾರಿ ಇನ್ನೂ ತೆರೆದೇ ಇದೆ. ಮೆಷಿನ್ ಅನ್ನು ನೆಟ್‌ವರ್ಕ್‌ನಿಂದ ಬಿಡಿಸಿ, ಭದ್ರತೆ ನೋಡಿಕೊಳ್ಳುವವರಿಗೆ ಒಪ್ಪಿಸಿ. ಪಾಸ್‌ವರ್ಡ್, ಕೀಗಳನ್ನು ಬೇರೆ ಮೆಷಿನ್‌ನಿಂದ ಬದಲಾಯಿಸಿ.

## ಎಲ್ಲ ಕೋರ್ ತುಂಬಿವೆ, ಕೆಲಸ ಮಾತ್ರ ಸಾಗುತ್ತಿಲ್ಲ

ನಿನ್ನೆ ಹತ್ತು ನಿಮಿಷಕ್ಕೆ ಮುಗಿದದ್ದು ಇವತ್ತು ಅರ್ಧ ಗಂಟೆ. ಮೊದಲು ಮುಟ್ಟಿ ನೋಡಿ, ಬಿಸಿ ಇದೆಯೇ, ಫ್ಯಾನ್ ಕೂಗುತ್ತಿದೆಯೇ ಅಂತ. ಮಿತಿ ದಾಟಿ ಬಿಸಿಯಾದ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಆಗಲೂ ಬಳಕೆ 100 ಪರ್ಸೆಂಟ್ ಅಂತಲೇ ಕಾಣುತ್ತದೆ, ಯಾಕೆಂದರೆ ಅದು ಹೊತ್ತಿನ ಲೆಕ್ಕ, ವೇಗದ ಲೆಕ್ಕ ಅಲ್ಲ. ಸೆನ್ಸರ್ಸ್ ಕಮಾಂಡ್ ಬಿಸಿ ಎಷ್ಟು ಅಂತ ಹೇಳುತ್ತದೆ. ಇಂಟೆಲ್ ಮೆಷಿನ್ ಆದರೆ ಪ್ರತಿ ಕೋರಿನ ಫೋಲ್ಡರ್‌ನಲ್ಲಿ ಥರ್ಮಲ್ ಥ್ರಾಟಲ್ ಅನ್ನುವ ಜಾಗದಲ್ಲಿ ಎಷ್ಟು ಸಲ ವೇಗ ಇಳಿಯಿತು ಅನ್ನುವ ಎಣಿಕೆಯೂ ಇದೆ. ಅದು ಏರುತ್ತಿದ್ದರೆ ಬಿಸಿಯೇ ಕಾರಣ. ಗಾಳಿ ಬರುವ ಕಿಂಡಿಗಳ ಧೂಳು ತೆಗೆಯಿರಿ, ಲ್ಯಾಪ್‌ಟಾಪನ್ನು ಹಾಸಿಗೆಯಿಂದ ಎತ್ತಿ ಮೇಜಿನ ಮೇಲಿಡಿ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಕೋಣೆಯೇ 40 ಡಿಗ್ರಿ ಹತ್ತಿರ ಇದ್ದರೆ ಒಳ್ಳೆಯ ಫ್ಯಾನ್ ಕೂಡ ಒಂದು ಮಿತಿ ದಾಟಿ ತಂಪು ಕೊಡಲಾರದು. ಹಳೇ ಮೆಷಿನ್‌ಗೆ ಥರ್ಮಲ್ ಪೇಸ್ಟ್ ಬದಲಾಯಿಸುವುದು ಮುಂದಿನ ಹೆಜ್ಜೆ. ಹೀಟ್‌ಸಿಂಕ್ ಬಿಚ್ಚಿ ಅಭ್ಯಾಸ ಇಲ್ಲದಿದ್ದರೆ ಅಂಗಡಿಗೆ ಕೊಡಿ. ಬ್ಯಾಟರಿ ಉಬ್ಬಿ ಟಚ್‌ಪ್ಯಾಡ್ ಮೇಲೆದ್ದಿದ್ದರೆ ಕೂಡಲೇ ಆಫ್ ಮಾಡಿ, ಚಾರ್ಜ್ ಹಾಕಬೇಡಿ.

ಬಿಸಿ ಇಲ್ಲದೆಯೂ ವೇಗ ಕಮ್ಮಿ ಇದ್ದರೆ ಕೋರಿನ ವೇಗ ಎಷ್ಟಿರಬೇಕು ಅಂತ ತೀರ್ಮಾನಿಸುವ ಸ್ಕೇಲಿಂಗ್ ಗವರ್ನರ್ ನೋಡಿ. 'ಪವರ್‌ಸೇವ್' ಅಂತ ಕಂಡು ಗಾಬರಿಯಾಗಬೇಡಿ. ಇಂಟೆಲ್ ಪಿಸ್ಟೇಟ್ ಡ್ರೈವರ್‌ನಲ್ಲಿ ಅದೇ ಮಾಮೂಲಿ ಸ್ಥಿತಿ, ಕೆಲಸ ಬಂದರೆ ವೇಗ ಏರುತ್ತದೆ. ಎಎಂಡಿ ಪಿಸ್ಟೇಟ್‌ನ ಆಕ್ಟಿವ್ ಮೋಡ್‌ನಲ್ಲೂ ಹಾಗೆಯೇ. ಎಸಿಪಿಐ-ಸಿಪಿಯುಫ್ರೆಕ್‌ನಂಥ ಡ್ರೈವರ್‌ಗಳಲ್ಲಿ ಅದೇ ಹೆಸರು ಇದ್ದರೆ ಕೆಳಗಿನ ವೇಗಕ್ಕೇ ಅಂಟಿಕೊಂಡಿದೆ ಅಂತ ಅರ್ಥ.

ವರ್ಚುಯಲ್ ಮೆಷಿನ್ ಆದರೆ ಟಾಪ್‌ನ ಎಸ್‌ಟಿ ನೋಡಿ. ನಿಮ್ಮ ಕೋರ್ ಓಡಲು ಸಿದ್ಧವಿತ್ತು, ಆದರೆ ಕೆಳಗಿನ ನಿಜವಾದ ಮೆಷಿನ್ ಬೇರೆಯವರಿಗೆ ಹೊತ್ತು ಕೊಟ್ಟಿತು ಅಂತ ಅದು ಹೇಳುತ್ತದೆ. ಆಗಾಗ ಒಂದೆರಡು ಪರ್ಸೆಂಟ್ ಕಂಡರೆ ಪರವಾಗಿಲ್ಲ. ಗಂಟೆಗಟ್ಟಲೆ ಹತ್ತು ದಾಟಿ ನಿಂತರೆ ಒಳಗೆ ನೀವು ಏನು ಮಾಡಿದರೂ ಪ್ರಯೋಜನ ಇಲ್ಲ. ಸಾರ್ ಕಮಾಂಡ್ ಕೊಡುವ ಹಳೇ ಬಳಕೆಯ ದಾಖಲೆ ಇಟ್ಟುಕೊಂಡು ಸೇವೆ ಕೊಡುವವರ ಹತ್ತಿರ ಮಾತಾಡಿ.

ಕಂಟೇನರ್‌ನಲ್ಲಿ ಇನ್ನೊಂದು ಮೋಸ ಇದೆ. ಒಳಗೆ ಎನ್‌ಪ್ರಾಕ್ ಹೊಡೆದರೆ 32 ಬರಬಹುದು, ನಿಮಗೆ ಕೊಟ್ಟದ್ದು ಎರಡು ಕೋರಿನಷ್ಟು ಹೊತ್ತು ಇರಬಹುದು. ಸಿಗ್ರೂಪ್‌ನ (ಪ್ರಾಸೆಸ್ ಗುಂಪುಗಳಿಗೆ ಮಿತಿ ಹಾಕುವ ಕರ್ನಲ್ ಸವಲತ್ತಿನ) ಸಿಪಿಯು.ಮ್ಯಾಕ್ಸ್ ಫೈಲಿನಲ್ಲಿ 200000 100000 ಅಂತ ಇದ್ದರೆ ಎರಡು ಕೋರ್ ಅಂತ ಲೆಕ್ಕ. ಪ್ರೋಗ್ರಾಂ 32 ನಂಬಿ ಅಷ್ಟೂ ಥ್ರೆಡ್ ಹುಟ್ಟಿಸಿದರೆ ಪಾಲಿನ ಹೊತ್ತು ಕ್ಷಣದಲ್ಲಿ ಮುಗಿದು, ಉಳಿದ ಹೊತ್ತೆಲ್ಲ ತಡೆಹಿಡಿದಿರುತ್ತದೆ. ಪಕ್ಕದ ಸಿಪಿಯು.ಸ್ಟಾಟ್‌ನಲ್ಲಿ ಎನ್‌ಆರ್ ಥ್ರಾಟಲ್ಡ್ ಏರುತ್ತಿದ್ದರೆ ಇದೇ ಆಗುತ್ತಿದೆ. ಥ್ರೆಡ್ ಸಂಖ್ಯೆಯನ್ನು ಕೈಯಾರೆ ಎರಡಕ್ಕೆ ಇಳಿಸಿ ನೋಡಿ.

ಎರಡು ಸಾಕೆಟ್‌ನ ಸರ್ವರ್ ಇದ್ದವರು ನ್ಯೂಮಾಸಿಟಿಎಲ್ ಮೈನಸ್ ಮೈನಸ್ ಹಾರ್ಡ್‌ವೇರ್ ಒಮ್ಮೆ ನೋಡಿ. ಮೆಮೊರಿ ಎಲ್ಲ ಒಂದೇ ಸಾಕೆಟ್ ಕಡೆ ಇದ್ದು ಇನ್ನೊಂದರ ಎದುರು ಸೊನ್ನೆ ಕಂಡರೆ ಕಡ್ಡಿಗಳನ್ನು ತಪ್ಪು ಸ್ಲಾಟಿನಲ್ಲಿ ಕೂರಿಸಿದ್ದಾರೆ.

## ಅಪ್‌ಡೇಟ್ ಆದ ಮೇಲೆ ಬೂಟ್ ಆಗುತ್ತಿಲ್ಲ

ಗಾಬರಿ ಬೇಡ, ಹಳೇ ಕರ್ನಲ್ ಇರುತ್ತದೆ. ಮೆಷಿನ್ ಆನ್ ಮಾಡಿ ಎಸ್ಕೇಪ್ ಒತ್ತಿ, ಹಳೇ ಬಯೋಸ್ ಆದರೆ ಶಿಫ್ಟ್ ಹಿಡಿದುಕೊಳ್ಳಿ. ಗ್ರಬ್ ಮೆನುವಿನ 'ಅಡ್ವಾನ್ಸ್ಡ್ ಆಪ್ಷನ್ಸ್'ನಲ್ಲಿ ಹಿಂದಿನ ನಂಬರಿನ ಕರ್ನಲ್ ಆರಿಸಿ. ಅದರಲ್ಲಿ ಸರಿಯಾಗಿ ಬೂಟ್ ಆದರೆ ಹಾರ್ಡ್‌ವೇರ್ ಮೇಲಿನ ಅನುಮಾನ ಬಹುಮಟ್ಟಿಗೆ ಹೋಯಿತು.

ಪರದೆಯ ಮೇಲೆ 'ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್' ಅಂತ ಬಂದು ನಿಂತಿದ್ದರೆ ಹೊಸ ಕರ್ನಲ್‌ನ ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಶುರುವಿಗೆ ಬೇಕಾದ ಫೈಲುಗಳ ಕಟ್ಟು) ತಯಾರಾಗಿಲ್ಲ ಅಥವಾ ಅರ್ಧ ಆಗಿದೆ. ಡಿಎಫ್ ಮೈನಸ್ ಎಚ್ ಹೊಡೆದು /ಬೂಟ್ ತುಂಬಿದೆಯೇ ನೋಡಿ. ಇದಕ್ಕೆ ಜಾಸ್ತಿ ಕಾರಣ ಅದೇ. ಉಬುಂಟು, ಡೆಬಿಯನ್‌ನಲ್ಲಿ ಎಪಿಟಿ ಆಟೋರಿಮೂವ್ ಹಳೇ ಕರ್ನಲ್‌ಗಳನ್ನು ತೆಗೆಯುತ್ತದೆ, ಓಡುತ್ತಿರುವುದನ್ನು ಮುಟ್ಟುವುದಿಲ್ಲ. /ಬೂಟ್ ಒಳಗೆ ಹೋಗಿ ಆರ್‌ಎಂ ಹೊಡೆಯಬೇಡಿ, ಪ್ಯಾಕೇಜ್ ಲೆಕ್ಕವೇ ಹದಗೆಡುತ್ತದೆ. ಜಾಗ ಆದ ಮೇಲೆ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್, ಫೆಡೋರಾದಲ್ಲಿ ಡ್ರಾಕಟ್, ಆ ಹೊಸ ಕರ್ನಲ್‌ನ ನಂಬರ್ ಕೊಟ್ಟು ಓಡಿಸಿ. ಫೆಡೋರಾ ಸಾಮಾನ್ಯವಾಗಿ ಮೂರು ಕರ್ನಲ್ ಇಟ್ಟುಕೊಂಡು ಉಳಿದದ್ದನ್ನು ತಾನೇ ತೆಗೆಯುತ್ತದೆ.

ಬೂಟ್ ಆಗಿ, ಪರದೆ ಕಪ್ಪಗೆ ನಿಂತರೆ ಅಥವಾ ವೈಫೈ ಮಾಯವಾದರೆ ಹೊರಗಿನಿಂದ ಹಾಕಿದ ಡ್ರೈವರ್ ಹೊಸ ಕರ್ನಲ್‌ಗೆ ಕಂಪೈಲ್ ಆಗಿಲ್ಲ. ಡಿಕೆಎಂಎಸ್ ಸ್ಟೇಟಸ್ ಅನ್ನುವ ಕಮಾಂಡ್ ಅದನ್ನು ಹೇಳುತ್ತದೆ. ಸೆಕ್ಯೂರ್ ಬೂಟ್ ಆನ್ ಇದ್ದರೆ ಸಹಿ ಇಲ್ಲದ ಡ್ರೈವರನ್ನು ಕರ್ನಲ್ ಒಳಗೆ ಬಿಡದೆಯೂ ಇರಬಹುದು.

ಅಪ್‌ಡೇಟ್ ಹಾಕಿದ್ದೂ ಹಳೇ ನಂಬರೇ ತೋರಿಸುತ್ತಿದೆ ಅನ್ನುವವರು ಯುನೇಮ್ ಮೈನಸ್ ಆರ್ ನೋಡಿ. ರೀಬೂಟ್ ಆಗುವವರೆಗೆ ಹಳೆಯದೇ ಓಡುತ್ತದೆ. ದೂರದ ಸರ್ವರ್‌ನಲ್ಲಿ ಹೊಸ ಕರ್ನಲ್ ಪರೀಕ್ಷಿಸಲು ಗ್ರಬ್-ರೀಬೂಟ್ ಬಳಸಿ. ಅದು ಮುಂದಿನ ಒಂದು ಬೂಟ್‌ಗೆ ಮಾತ್ರ ಹೊಸದನ್ನು ಆರಿಸುತ್ತದೆ. ಆದರೆ ಗ್ರಬ್‌ನ ಡೀಫಾಲ್ಟ್ ಹಳೇ ಕರ್ನಲ್ಲೇ ಆಗಿರಬೇಕು, ಅದನ್ನು ಮೊದಲೇ ನೋಡಿಕೊಳ್ಳಿ. ಜೊತೆಗೆ ಬೂಟ್ ಸೂಚನೆಯಲ್ಲಿ ಪ್ಯಾನಿಕ್=10 ಅಂತ ಕೊಟ್ಟರೆ ಪ್ಯಾನಿಕ್ ಆದ (ಕರ್ನಲ್ ಮುಂದೆ ಹೋಗಲಾರದೆ ಕೈಚೆಲ್ಲಿದ) ಹತ್ತು ಸೆಕೆಂಡಿಗೆ ತಾನೇ ರೀಬೂಟ್ ಆಗಿ ಹಳೇ ಕರ್ನಲ್‌ಗೆ ಮರಳುತ್ತದೆ.

## ಮೆಷಿನ್ ಪೂರ್ತಿ ನಿಂತುಹೋಗುತ್ತದೆ, 'ಸಾಫ್ಟ್ ಲಾಕಪ್' ಅನ್ನುತ್ತದೆ

'ಸಿಪಿಯು#2 ಸ್ಟಕ್ ಫಾರ್ 22ಎಸ್' ಅಂದರೆ ಎರಡನೇ ನಂಬರಿನ ಕೋರ್ 20 ಸೆಕೆಂಡಿಗಿಂತ ಹೆಚ್ಚು ಹೊತ್ತು ಕರ್ನಲ್ ಒಳಗೇ ಸಿಕ್ಕಿಕೊಂಡಿತ್ತು, ಬೇರೆ ಯಾರಿಗೂ ಸರದಿ ಕೊಡಲಿಲ್ಲ. ವರ್ಚುಯಲ್ ಮೆಷಿನ್‌ನಲ್ಲಿ ಸ್ನ್ಯಾಪ್‌ಶಾಟ್ ತೆಗೆಯುವಾಗ ಒಮ್ಮೆ ಬಂದರೆ ಬಿಟ್ಟುಬಿಡಿ. ನಿಜವಾದ ಮೆಷಿನ್‌ನಲ್ಲಿ ಮತ್ತೆ ಮತ್ತೆ ಬಂದರೆ ಸಾಲಿನಲ್ಲಿರುವ ಕೋರ್ ನಂಬರ್ ಬರೆದಿಟ್ಟುಕೊಳ್ಳಿ. ಬೇರೆ ಬೇರೆ ಕೋರ್, ಆದರೆ ಅದೇ ಡ್ರೈವರ್ ಹೆಸರು ಕಂಡರೆ ಡ್ರೈವರ್ ತೊಂದರೆ. ಹಳೇ ಕರ್ನಲ್‌ನಲ್ಲಿ ಬೂಟ್ ಮಾಡಿ ಹೋಲಿಸಿ. ಸದಾ ಅದೇ ಕೋರ್ ಆದರೆ ಹಾರ್ಡ್‌ವೇರ್ ಮೇಲೆ ಅನುಮಾನ ಇಡಿ.

ಜರ್ನಲ್‌ಸಿಟಿಎಲ್ ಮೈನಸ್ ಕೆ ಓಡಿಸಿ 'ಹಾರ್ಡ್‌ವೇರ್ ಎರರ್' ಅಂತ ಹುಡುಕಿ. ಎಂಸಿಇ (ಮೆಷಿನ್ ಚೆಕ್ ಎಕ್ಸೆಪ್ಷನ್) ಸಾಲುಗಳು ಸಿಕ್ಕರೆ ಪ್ರೊಸೆಸರೇ ದೂರು ಕೊಟ್ಟಿದೆ. 'ಕರೆಕ್ಟೆಡ್' ಅಂತಿದ್ದರೆ ಅದು ಸರಿಪಡಿಸಿಕೊಂಡಿದೆ, ಆದರೆ ಎಣಿಕೆ ಏರುತ್ತಿದೆಯೇ ಅಂತ ರಾಸ್‌ಡೀಮನ್ (ಇಂಥ ದೂರುಗಳನ್ನು ದಾಖಲಿಸುವ ಪ್ರೋಗ್ರಾಂ) ಹಾಕಿ ಕಣ್ಣಿಡಿ. 'ಅನ್‌ಕರೆಕ್ಟೆಡ್' ಅಂತಿದ್ದರೆ ಆ ಮೆಷಿನ್‌ನಲ್ಲಿ ಮುಖ್ಯ ಕೆಲಸ ನಿಲ್ಲಿಸಿ. ಮೆಮೊರಿ ಕಡ್ಡಿ ತೆಗೆದು ಕೂರಿಸಿ, ಮೆಮ್‌ಟೆಸ್ಟ್ ಒಂದು ರಾತ್ರಿ ಓಡಲಿ. ಆಮೇಲೂ ಬಂದರೆ ವಾರಂಟಿಗೆ ಕಳಿಸುವುದೇ ಸರಿ. ಇಂಟೆಲ್‌ನ 13, 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರ್ ಇದ್ದು, ಕಾರಣವಿಲ್ಲದೆ ಪ್ರೋಗ್ರಾಂಗಳು ಬೀಳುತ್ತಿದ್ದರೆ ಬಯೋಸ್ ತಾರೀಖು ನೋಡಿ. ವೋಲ್ಟೇಜ್ ಮಿತಿಮೀರಿ ಏರುವ ತೊಂದರೆಗೆ 2024ರ ಆಗಸ್ಟ್‌ನಲ್ಲಿ ಮೈಕ್ರೋಕೋಡ್ ತಿದ್ದುಪಡಿ ಬಂತು, ಬಾಕ್ಸ್ ಪ್ರೊಸೆಸರ್‌ಗಳ ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿದರು. ಈಗಾಗಲೇ ಹಾಳಾದ ಪ್ರೊಸೆಸರ್ ಅಪ್‌ಡೇಟ್‌ನಿಂದ ಸರಿಹೋಗುವುದಿಲ್ಲ, ಬದಲಾಯಿಸಿಕೊಳ್ಳಬೇಕು.

ಕೀಬೋರ್ಡಿಗೂ ಜಗ್ಗದಷ್ಟು ಹ್ಯಾಂಗ್ ಆದಾಗ ಪವರ್ ಬಟನ್ ಹಿಡಿಯುವ ಮುಂಚೆ ಆಲ್ಟ್, ಸಿಸ್‌ರಿಕ್ವೆಸ್ಟ್ (ಸಾಮಾನ್ಯವಾಗಿ ಪ್ರಿಂಟ್ ಸ್ಕ್ರೀನ್ ಕೀ) ಜೊತೆ ಎಲ್ ಒತ್ತಿ. ಸಿಸ್‌ರಿಕ್ವೆಸ್ಟ್ ಸವಲತ್ತು ಆನ್ ಇದ್ದರೆ ಕೆಲಸದಲ್ಲಿರುವ ಪ್ರತಿ ಕೋರ್ ಎಲ್ಲಿ ಸಿಕ್ಕಿಕೊಂಡಿದೆ ಅನ್ನುವುದು ಲಾಗ್‌ಗೆ ಬರುತ್ತದೆ. ಆಮೇಲೆ ಅದೇ ಎರಡು ಕೀ ಜೊತೆ ಎಸ್, ಯು, ಬಿ ಒಂದೊಂದಾಗಿ, ನಡುವೆ ಕೆಲವು ಸೆಕೆಂಡು ಬಿಟ್ಟು ಒತ್ತಿದರೆ ಡಿಸ್ಕಿಗೆ ಬರೆಯಬೇಕಾದ್ದನ್ನು ಬರೆದು ರೀಬೂಟ್ ಆಗುತ್ತದೆ.

ಸಹಾಯ ಕೇಳಲು ಹೋಗುವಾಗ ಯುನೇಮ್ ಮೈನಸ್ ಎ, ಎಲ್‌ಎಸ್‌ಸಿಪಿಯು, /ಪ್ರಾಕ್/ಸಿಎಂಡಿಲೈನ್, ತೊಂದರೆ ನಡೆಯುತ್ತಿದ್ದಾಗಲೇ ತೆಗೆದ ಎಂಪಿಸ್ಟಾಟ್‌ನ ಒಂದು ನಿಮಿಷದ ದಾಖಲೆ, ಹಿಂದಿನ ಬೂಟ್‌ನ ಕರ್ನಲ್ ಲಾಗ್, ಇಷ್ಟನ್ನೂ ಜೊತೆಗೆ ಕೊಡಿ. ಎಂಪಿಸ್ಟಾಟ್‌ಗೆ ದೊಡ್ಡಕ್ಷರದ ಮೈನಸ್ ಪಿ, ಆಲ್ ಹಾಕುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಅದೂ ಸರಾಸರಿಯನ್ನೇ ಕೊಡುತ್ತದೆ. ಲಾಗ್‌ನಲ್ಲಿ ಹಲವು 'ಕಾಲ್ ಟ್ರೇಸ್' (ಸಿಕ್ಕಿಕೊಂಡಾಗ ಯಾವ ಫಂಕ್ಷನ್‌ಗಳು ಓಡುತ್ತಿದ್ದವು ಅನ್ನುವ ಪಟ್ಟಿ) ಇದ್ದರೆ ಎಲ್ಲಕ್ಕಿಂತ ಮೊದಲು ಬಂದದ್ದನ್ನು ಕಳಿಸಿ. ಮುಂದಿನವು ಅದರ ಪರಿಣಾಮವಾಗಿ ಬಂದಿರುವುದೇ ಜಾಸ್ತಿ.